ತೊಡೆಯ ರಕ್ತನಾಳದ ಅಳತೆಗೆ ಒಂದು ಪಂಪು

ಕೊಳ್ಳೇಗಾಲದ ಕಡೆಯ ವಿದ್ಯಾರ್ಥಿಗಳಾದರೆ ನೀವು ಭರಚುಕ್ಕಿಯನ್ನು ನೋಡಿಯೇ ಇರುತ್ತೀರಿ. ಅದೇ ಕಾವೇರಿಯ ಇನ್ನೊಂದು ಕವಲು ಗಗನಚುಕ್ಕಿ. ಅಲ್ಲಿ ಶಿವನಸಮುದ್ರದ ವಿದ್ಯುದಾಗಾರದಲ್ಲಿ 1902ರಲ್ಲಿ ನೀರು ಚಕ್ರವನ್ನು ತಿರುಗಿಸಿತು. ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳವರೆಗೆ ಹರಿಯಿತು. ಈಗ ಇದನ್ನು ತಿರುವುಮುರುವಾಗಿ ಯೋಚಿಸಿ. ವಿದ್ಯುತ್ತು ಚಕ್ರವನ್ನು ತಿರುಗಿಸಲಿ, ಚಕ್ರ ದ್ರವವನ್ನು ತಳ್ಳಲಿ. ತೋಟದ ಪಂಪ್‌ಸೆಟ್ಟು ಮಾಡುವುದು ಇದನ್ನೇ. ಆದರೆ ಆ ಪಂಪನ್ನು ಪೆನ್ಸಿಲ್ಲಿಗಿಂತ ತೆಳುವಾಗಿ ಮಾಡಿ, ತೊಡೆಸಂದಿನ ರಕ್ತನಾಳದಿಂದ ತೂರಿಸಿ, ಸೋತ ಹೃದಯದೊಳಗೆ ಕೂರಿಸಬೇಕೆಂದರೆ?

ಹೃದಯಕ್ಕೆ ನಳಿಕೆ ತೂರಿಸಬಹುದೆಂದು ತೋರಿಸಿಕೊಟ್ಟವರು ಜರ್ಮನಿಯ ವರ್ನರ್ ಫೋರ್ಸ್‌ಮನ್. 1929ರಲ್ಲಿ ಈ ತರುಣ ವೈದ್ಯರು ತಮ್ಮದೇ ತೋಳಿನ ಅಭಿಧಮನಿಯಲ್ಲಿ 65 ಸೆಂಟಿಮೀಟರ್ ಉದ್ದಕ್ಕೆ ಕ್ಯಾಥಿಟರನ್ನು ತೂರಿಸಿಕೊಂಡು, ಮೆಟ್ಟಿಲಿಳಿದು ಹೋಗಿ ಎಕ್ಸ್-ರೇ ತೆಗೆಸಿಕೊಂಡರು. ಆಗ ಸಿಕ್ಕಿದ್ದು ಬೈಗುಳ. ನೊಬೆಲ್ ಪ್ರಶಸ್ತಿ ಬಂದದ್ದು 1956ರಲ್ಲಿ, ಇನ್ನಿಬ್ಬರೊಡನೆ. ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ. ಇವೆರಡಕ್ಕೂ ಸಂಬಂಧವೇನೂ ಇಲ್ಲ. ಇಸವಿ ನೆನಪಿಟ್ಟುಕೊಳ್ಳಲು ಅನುಕೂಲವೆಂದು ಹೇಳಿದೆ, ಅಷ್ಟೆ.

ನಳಿಕೆ ಹೋಯಿತು, ಸರಿ. ಪಂಪು ಹೋಗಬೇಕಾದರೆ ದೇಹದ ಅಳತೆ ಬೇಕು. ಕ್ಯಾಥಿಟರುಗಳ ದಪ್ಪವನ್ನು 'ಫ್ರೆಂಚ್' ಎಂಬ ಮಾನದಿಂದ ಅಳೆಯುತ್ತಾರೆ. 3 ಫ್ರೆಂಚ್ ಎಂದರೆ 1 ಮಿಲಿಮೀಟರ್. ವಯಸ್ಕರ ತೊಡೆಯ ಅಪಧಮನಿ ಸುಮಾರು 6ರಿಂದ 8 ಮಿಲಿಮೀಟರ್ ಅಗಲ. ಸಣ್ಣ ಮೈಕಟ್ಟಿನವರಲ್ಲಿ ಇನ್ನೂ ಕಿರಿದು. ಕೊಬ್ಬು ಕಟ್ಟಿದ್ದರೆ ದಾರಿ ಮತ್ತಷ್ಟು ಇಕ್ಕಟ್ಟು. ನಳಿಕೆ ರಕ್ತನಾಳವನ್ನು ತುಂಬಿಬಿಟ್ಟರೆ ಕಾಲಿಗೆ ರಕ್ತವೇ ಹೋಗುವುದಿಲ್ಲ. ಹೃದಯ ಉಳಿಸಲು ಹೋಗಿ ಕಾಲು ಕಳೆದುಕೊಂಡಂತೆ.

ಮೊದಲು ಬಂದದ್ದು ಚಕ್ರವಲ್ಲ, ಬಲೂನು. ಅಮೆರಿಕದಲ್ಲಿ ಮೌಲೊಪೌಲೋಸ್, ಟೋಪಾಜ್ ಮತ್ತು ಕೋಲ್ಫ್ 1962ರಲ್ಲಿ ಇದನ್ನು ವರ್ಣಿಸಿದರು. 1967ರಲ್ಲಿ ಬ್ರೂಕ್ಲಿನ್ನಿನಲ್ಲಿ ಏಡ್ರಿಯನ್ ಕಾಂಟ್ರೊವಿಟ್ಜ್ ತಂಡ 45 ವರ್ಷದ ಮಹಿಳೆಯೊಬ್ಬರಿಗೆ ಅಳವಡಿಸಿತು, ಆಕೆ ಬದುಕಿದರು. ಇದರ ಉಪಾಯ ಸೊಗಸಾದದ್ದು. ಹೃದಯ ಕುಗ್ಗಿ ರಕ್ತ ತಳ್ಳಿದ ಮೇಲೆ ಕ್ಷಣಕಾಲ ವಿರಮಿಸುತ್ತದಲ್ಲವೆ? ಆಗ ಮಹಾಪಧಮನಿಯಲ್ಲಿರುವ ಉದ್ದನೆಯ ಬಲೂನು ಉಬ್ಬಿ, ಹೃದಯದ ಸ್ವಂತ ರಕ್ತನಾಳಗಳಿಗೆ ರಕ್ತ ನೂಕುತ್ತದೆ. ಮುಂದಿನ ಬಡಿತಕ್ಕೆ ಮೊದಲೇ ಕುಸಿದು ಹೃದಯದ ಹೊರೆ ಇಳಿಸುತ್ತದೆ. ಉಬ್ಬಿಸಲು ಹೀಲಿಯಮ್: ಹಗುರವಾದ ಅನಿಲ, ಕಿರಿದಾದ ನಳಿಕೆಯಲ್ಲೂ ಥಟ್ಟನೆ ಹೋಗಿ ಬರುತ್ತದೆ.

ಈ ಬಲೂನಿನ ಮೇಲ್ತುದಿ ಎಡತೋಳಿಗೆ ಹೋಗುವ ಕವಲಿನ ಕೆಳಗಿರಬೇಕು, ಕೆಳತುದಿ ಮೂತ್ರಪಿಂಡದ ಕವಲುಗಳ ಮೇಲಿರಬೇಕು. ಕುಳ್ಳಗಿನವರಿಗೆ ಎತ್ತರದವರ ಬಲೂನು ಹಾಕಿದರೆ ಮೂತ್ರಪಿಂಡದ ದಾರಿ ಮುಚ್ಚೀತು. ಆದ್ದರಿಂದ ರೋಗಿಯ ಎತ್ತರ ನೋಡಿ ಬಲೂನು ಆರಿಸುತ್ತಾರೆ: ಸುಮಾರು 163 ಸೆಂಟಿಮೀಟರಿಗಿಂತ ಎತ್ತರವಿದ್ದವರಿಗೆ 40 ಮಿಲಿಲೀಟರ್, 152ಕ್ಕಿಂತ ಕಡಿಮೆಯಿದ್ದವರಿಗೆ 25. ನಮ್ಮೂರಿನ ಅಜ್ಜಿಯರನ್ನು ನೆನೆಸಿಕೊಳ್ಳಿ, ಎಷ್ಟು ಮಂದಿ ಆ ಎರಡನೆಯ ಸಾಲಿಗೆ ಬರುತ್ತಾರೆ!

ಆದರೆ ಬಲೂನು ಸಹಾಯಕ ಮಾತ್ರ. ಹೃದಯ ಪೂರ್ತಿ ಕೈಬಿಟ್ಟರೆ ಚಕ್ರವೇ ಬೇಕು. 1976ರಲ್ಲಿ ಅಮೆರಿಕದ ವೈದ್ಯ ರಿಚರ್ಡ್ ವ್ಯಾಂಪ್ಲರ್ ಈಜಿಪ್ಟಿನ ಹಳ್ಳಿಯೊಂದರಲ್ಲಿ ಆರ್ಕಿಮಿಡೀಸನ ತಿರುಪಿನಿಂದ ನೀರೆತ್ತುವುದನ್ನು ಕಂಡರು. ರಕ್ತವನ್ನೂ ಹೀಗೇ ಎತ್ತಬಾರದೇಕೆ? ಅಷ್ಟು ವೇಗಕ್ಕೆ ರಕ್ತಕಣಗಳು ನುಚ್ಚುನೂರಾಗುತ್ತವೆಂದು ಹಲವರು ನಂಬಿದ್ದರು. ಆದರೆ ಕಣ ತಿರುಪಿನಲ್ಲಿರುವುದು ಅತ್ಯಲ್ಪ ಕಾಲ, ಹೆಚ್ಚಿನವು ಪಾರಾಗುತ್ತವೆ. 1988ರಲ್ಲಿ ಹೂಸ್ಟನ್ನಿನಲ್ಲಿ ಫ್ರೇಜಿಯರ್ ಅವರು ಈ 'ಹೀಮೋಪಂಪ'ನ್ನು ಮೊದಲ ಬಾರಿಗೆ ಮನುಷ್ಯರಲ್ಲಿ ಬಳಸಿದರು. ನಿಮಿಷಕ್ಕೆ ಸುಮಾರು 25,000 ಸುತ್ತು! ದಪ್ಪ ಮಾತ್ರ 21 ಫ್ರೆಂಚ್, ಅಂದರೆ 7 ಮಿಲಿಮೀಟರ್. ಮೇಲಿನ ಲೆಕ್ಕಕ್ಕೆ ಹೋಲಿಸಿ ನೋಡಿ, ತೊಂದರೆ ತಿಳಿಯುತ್ತದೆ. ತೊಡೆಯನ್ನು ಕೊಯ್ದೇ ಒಳಬಿಡಬೇಕಿತ್ತು. ಮೋಟಾರು ದೇಹದ ಹೊರಗಿದ್ದುದರಿಂದ ಉದ್ದನೆಯ ತಂತಿಯೊಂದು ಒಳಗೆಲ್ಲ ತಿರುಗುತ್ತಿತ್ತು. ಅದು ತುಂಡಾಗುವ ಭಯ ಬೇರೆ.

ಜರ್ಮನಿಯ ಆಖೆನ್‌ನಲ್ಲಿ ಥಾರ್ಸ್ಟನ್ ಜೀಸ್ ಮತ್ತು ಸಂಗಡಿಗರು ಮೋಟಾರನ್ನೇ ಕಿರಿದುಗೊಳಿಸಿ ನಳಿಕೆಯ ತುದಿಯ ಬಳಿ ಇಟ್ಟರು. 'ಇಂಪೆಲ್ಲಾ' ಹುಟ್ಟಿದ್ದು ಹೀಗೆ. ಅದರ 2.5 ಮಾದರಿಗೆ 2008ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ಪಂಪಿನ ದಪ್ಪ 12 ಫ್ರೆಂಚ್, 4 ಮಿಲಿಮೀಟರ್. ಹಿಂದಿನ ನಳಿಕೆ 9 ಫ್ರೆಂಚ್ ಮಾತ್ರ. ರಕ್ತ ಎಳೆಯುವ ಕಿಂಡಿ ಎಡ ಹೃತ್ಕುಕ್ಷಿಯಲ್ಲಿ, ಹೊರಬಿಡುವ ಕಿಂಡಿ ಕವಾಟದಾಚೆ ಮಹಾಪಧಮನಿಯಲ್ಲಿ. ಹೃದಯದಿಂದ ಮಹಾಪಧಮನಿ ನೆಟ್ಟಗೆ ಹೊರಡುವುದಿಲ್ಲವಾದ್ದರಿಂದ ನಳಿಕೆಗೂ ಅದಕ್ಕೆ ಹೊಂದುವ ಬಾಗು ಕೊಟ್ಟಿದ್ದಾರೆ. ತುದಿಯಲ್ಲಿ ಹಂದಿಯ ಬಾಲದಂತೆ ಸುರುಳಿ. ಹೃದಯದ ಗೋಡೆಗೆ ಚುಚ್ಚಬಾರದಲ್ಲ!

ಇಷ್ಟಾದರೆ ಗೆದ್ದಂತೆಯೆ? 2012ರಲ್ಲಿ 600 ರೋಗಿಗಳ ಜರ್ಮನ್ ಅಧ್ಯಯನ, ಹೃದಯಾಘಾತದ ಆಘಾತಸ್ಥಿತಿಯಲ್ಲಿ ಬಲೂನಿನಿಂದ 30 ದಿನಗಳ ಸಾವು ಕಡಿಮೆಯಾಗಲಿಲ್ಲವೆಂದು ತೋರಿಸಿತು. ದಶಕಗಳ ನಂಬಿಕೆಗೆ ಪೆಟ್ಟು. 2024ರಲ್ಲಿ ಪ್ರಕಟವಾದ ಡೇಂಜರ್ ಅಧ್ಯಯನದಲ್ಲಿ, ಆಯ್ದ ರೋಗಿಗಳಲ್ಲಿ ಇಂಪೆಲ್ಲಾ ಬಳಸಿದಾಗ 180 ದಿನಗಳೊಳಗಿನ ಸಾವು ಶೇಕಡ 58.5ರಿಂದ 45.8ಕ್ಕೆ ಇಳಿಯಿತು. ಆದರೆ ರಕ್ತಸ್ರಾವವೂ ಕಾಲಿಗೆ ರಕ್ತ ಸಾಲದ ತೊಂದರೆಯೂ ಹೆಚ್ಚಿದವು. ಅದೇ ತೊಡೆಯ ರಕ್ತನಾಳದ ಪ್ರಶ್ನೆ ಮತ್ತೆ ಎದುರಾಯಿತು.

ಇನ್ನು ನಮ್ಮ ಕಡೆಯ ಮಾತು. ಇಂಥ ಪಂಪು ದುಬಾರಿ. ದೊಡ್ಡ ಹೃದ್ರೋಗ ಕೇಂದ್ರಗಳಲ್ಲಿ ಮಾತ್ರ ನಿರೀಕ್ಷಿಸಬಹುದಾದದ್ದು. ಜಯದೇವ ಸಂಸ್ಥೆಯ ಮೈಸೂರು ಆಸ್ಪತ್ರೆ ಕೊಳ್ಳೇಗಾಲದಿಂದ 60 ಕಿಲೋಮೀಟರಿಗೂ ದೂರ. ಹನೂರಿನಾಚೆಯ ಮಲೆ ಮಹದೇಶ್ವರ ಬೆಟ್ಟದಿಂದಲೋ, ಯಳಂದೂರಿನ ಮೇಲಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಾಡಿಯಿಂದಲೋ ಹೊರಟರೆ ಘಟ್ಟದ ತಿರುವುಗಳೇ ಎಷ್ಟೋ ಹೊತ್ತು ತಿನ್ನುತ್ತವೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಹುಟ್ಟಿದ್ದು ಈ ದೂರವನ್ನು ಲೆಕ್ಕಕ್ಕೆ ಹಿಡಿದೇ. ಹೆಪ್ಪು ಬೇಗ ಕರಗಿದಷ್ಟೂ ಹೃದಯದ ಸ್ನಾಯು ಹೆಚ್ಚು ಉಳಿಯುತ್ತದೆ, ಪಂಪಿನ ಅಗತ್ಯ ಬೀಳುವವರ ಸಂಖ್ಯೆ ಕಡಿಮೆಯಾಗುತ್ತದೆ. ಮನೆಯಲ್ಲಿ ಹಿರಿಯರು ಎದೆ ಹಿಡಿದು ಬೆವರುತ್ತ ಕುಳಿತರೆ, ಗ್ಯಾಸ್ಟ್ರಿಕ್ ಇರಬೇಕೆಂದು ಬೆಳಗಿನವರೆಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.