ಶಿವಯೋಗಮಂದಿರವೂ ಮಠಗಳ ಪುನರುಜ್ಜೀವನವೂ

ಹತ್ತೊಂಬತ್ತನೆಯ ಶತಮಾನದ ಕಡೆಯ ಭಾಗದಲ್ಲಿ ಕನ್ನಡನಾಡಿನ ವಿರಕ್ತಮಠಗಳು ತಂತಮ್ಮ ಸಂಪ್ರದಾಯದಂತೆ ಬೇರೆ ಬೇರೆಯಾಗಿ ನಡೆದುಬರುತ್ತಿದ್ದುವು. ಪೀಠಕ್ಕೆ ಮರಿಯನ್ನು ಆರಿಸುವುದೂ ಅವನಿಗೆ ವಿದ್ಯೆ ಕಲಿಸುವುದೂ ಆಯಾ ಮಠದ ಸ್ವಾಮಿಗಳಿಗೂ ಭಕ್ತರಿಗೂ ಸೇರಿದ ಮಾತು. ಗುರುಗಳು ವಿದ್ವಾಂಸರಾಗಿದ್ದಲ್ಲಿ ಶಿಷ್ಯನೂ ವಿದ್ವಾಂಸನಾಗುವನು. ಇಲ್ಲವಾದಲ್ಲಿ ಭೂಮಿಕಾಣಿಯ ಲೆಕ್ಕ, ಪಲ್ಲಕ್ಕಿಯ ಮರ್ಯಾದೆ, ಇವಿಷ್ಟೇ ಅವನಿಗೆ ದೊರೆವ ಪಾಠ.

ಹಾನಗಲ್ಲ ವಿರಕ್ತಮಠದ ಲಿಂಗೈಕ್ಯ ಶ್ರೀ ಕುಮಾರ ಮಹಾಸ್ವಾಮಿಗಳವರು (1867–1930) ಈ ಕೊರತೆಯನ್ನು ಮನಗಂಡರು. 1904ರಲ್ಲಿ ಅವರ ಪ್ರೇರಣೆಯಿಂದ ಧಾರವಾಡದಲ್ಲಿ ವೀರಶೈವ ಮಹಾಸಭೆಯು ಹುಟ್ಟಿತು. ತಮ್ಮ ಸಂಸ್ಥಾನದ ಆಸ್ತಿಯನ್ನೇ ಸಮಾಜದ ವಿದ್ಯಾಭ್ಯಾಸಕ್ಕೆ ಬಿಟ್ಟುಹೋದ ಮಹನೀಯರಾದ ಶಿರಸಂಗಿಯ ಲಿಂಗರಾಜ ದೇಸಾಯರು ಅದರ ಅಧ್ಯಕ್ಷರಾದರು. ಆದರೂ ಸಭೆಯ ಗೊತ್ತುವಳಿ ಮಠದ ಹೊಸ್ತಿಲನ್ನು ದಾಟುವುದು ಸುಲಭವೇ? ಪಟ್ಟವೇರಿದ ಸ್ವಾಮಿಗಳಿಗೆ ಹೀಗೆಯೇ ನಡೆಯಿರೆಂದು ಹೇಳುವ ಅಧಿಕಾರ ಯಾರಿಗಿದ್ದೀತು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗದು. ಶ್ರೀಗಳವರು ಮುಂದೆ ಪಟ್ಟವೇರತಕ್ಕ ವಟುಗಳತ್ತ ದೃಷ್ಟಿಯನ್ನು ತಿರುಗಿಸಿದರು.

1909ರಲ್ಲಿ ಬಾದಾಮಿಯ ಸಮೀಪದಲ್ಲಿ, ಮಲಪ್ರಭೆಯ ದಂಡೆಯ ಮೇಲೆ, ಶಿವಯೋಗಮಂದಿರವು ಸ್ಥಾಪಿತವಾಯಿತು. ಈ ಸ್ಥಳದ ಆಯ್ಕೆಯು ವಿಚಾರಾರ್ಹವಾದುದು. ಹಾನಗಲ್ಲಿನಲ್ಲಿಯೇ ಕಟ್ಟಿದ್ದರೆ ಅದು ಆ ಮಠದ ಶಾಖೆಯೆನಿಸಿ, ಇತರ ಮಠದವರು ತಮ್ಮ ಮರಿಗಳನ್ನು ಕಳುಹಲು ಹಿಂಜರಿಯುತ್ತಿದ್ದರೋ ಏನೋ! ನದೀತೀರದ ಆ ಏಕಾಂತದಲ್ಲಿ ಬೇರೆ ಬೇರೆ ಮಠಗಳ ವಟುಗಳು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು, ಒಂದೇ ಗಂಟೆಗೆ ಎದ್ದು ಶಿವಪೂಜೆ ಮಾಡಿದರು. ಸಂಸ್ಕೃತ, ವಚನಶಾಸ್ತ್ರ, ಯೋಗ, ಆಯುರ್ವೇದ, ಸಂಗೀತಗಳು ಪಾಠಕ್ರಮದಲ್ಲಿ ಸೇರಿದುವು. ತಾಡವಾಲೆಯ ಗ್ರಂಥಗಳು ಸಂಗ್ರಹವಾದುವು. ಗೋಶಾಲೆಯ ಸೆಗಣಿಯಿಂದ ವಿಭೂತಿಯು ಸಿದ್ಧವಾಗತೊಡಗಿತು. ಹಳೆಯ ಆಚಾರದಲ್ಲಿ ಒಂದನ್ನೂ ಕೈಬಿಡದೆ, ಅದನ್ನು ಕಲಿಸುವ ಬಗೆಯನ್ನು ಮಾತ್ರ ಬದಲಿಸಿದುದರಿಂದ ವೃದ್ಧ ಭಕ್ತರಿಗೂ ಇದು ಪರಕೀಯವೆಂದು ತೋರಲಿಲ್ಲ.

ಈ ಮಾರ್ಗದ ಕಷ್ಟವೆಂದರೆ ಅದರ ನಿಧಾನ. ಇಂದು ಬಂದ ಬಾಲಕನು ಕಲಿತು ಪೀಠವೇರುವ ವರೆಗೆ ಆ ಮಠವು ಹಿಂದಿನಂತೆಯೇ ಇರಬೇಕು. ಮಂದಿರವು ಹುಟ್ಟಿದ ಬಳಿಕ ಶ್ರೀಗಳವರಿಗೆ ದೊರೆತುದು ಇಪ್ಪತ್ತೊಂದು ವರುಷಗಳು ಮಾತ್ರ.

ಪಟ್ಟಕ್ಕೆ ಬಾರದವರನ್ನೂ ಅವರು ಮರೆಯಲಿಲ್ಲ. ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳ ಕಂಠವನ್ನು ಗುರುತಿಸಿ, ಕರ್ನಾಟಕ ಹಿಂದುಸ್ತಾನಿ ಎರಡೂ ಪದ್ಧತಿಗಳ ಶಿಕ್ಷಣವನ್ನು ಕೊಡಿಸಿದರು. ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರನ್ನೂ ಅನಾಥರನ್ನೂ ಸೇರಿಸಿ ಅನ್ನವನ್ನೂ ವಿದ್ಯೆಯನ್ನೂ ನೀಡಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಅವರಂತೆಯೇ ಕಣ್ಣಿಲ್ಲದ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಆ ಆಶ್ರಮವನ್ನು 2010ರ ವರೆಗೆ ನಡೆಸಿದರು.