ಹಿಂಜುವ ಮುಳ್ಳು

ಅರಳೆ ಹಿಂಜುತ್ತೇವೆ, ಉಣ್ಣೆ ಹಿಂಜುತ್ತೇವೆ. ಮುಗಿದ ಸಂಗತಿಯನ್ನೇ ಎಳೆಯುತ್ತ ಕೂತವರಿಗೆ ‘ಎಷ್ಟಂತ ಹಿಂಜ್ತೀಯ, ಬಿಡು’ ಅನ್ನುತ್ತೇವೆ. ಇಂಗ್ಲಿಷಿನ ‘ಟೀಸ್’ ಹಿಡಿದದ್ದೂ ಇದೇ ದಾರಿ. ಹಳೆಯ ಇಂಗ್ಲಿಷಿನಲ್ಲಿ ಅದು ಉಣ್ಣೆಯ ಎಳೆ ಬಿಡಿಸುವ ಕೆಲಸ. ಕೆಣಕು, ಚುಡಾಯಿಸು ಎಂಬ ಅರ್ಥ ಅಂಟಿದ್ದು 17ನೇ ಶತಮಾನದಲ್ಲಿ. ಅದರ ಒಡಹುಟ್ಟು ‘ಟೀಸಲ್’ ಮಾತ್ರ ಕಸುಬು ಬಿಡಲಿಲ್ಲ. ಅದು ಒಂದು ಮುಳ್ಳುಗಿಡದ ಹೆಸರು.

ಆ ಗಿಡದ ಒಣಗಿದ ತೆನೆಯ ಮೈತುಂಬ ಮುಳ್ಳು, ಒಂದೊಂದರ ತುದಿಯೂ ಕೊಕ್ಕೆಯ ಹಾಗೆ ಬಾಗಿರುತ್ತದೆ. ಕಾಡುಜಾತಿಯ ಮುಳ್ಳು ನೆಟ್ಟಗಿರುವುದರಿಂದ ಬಟ್ಟೆಯ ಎಳೆ ಎಬ್ಬಿಸುವ ಕೆಲಸಕ್ಕೆ ಬಾರದು. ಅದಕ್ಕೇ ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ, ಫ್ರಾನ್ಸಿನ ಪ್ರೊವಾನ್ಸ್‌ನಲ್ಲಿ ಕೊಕ್ಕೆಮುಳ್ಳಿನ ಜಾತಿಯನ್ನು ಹೊಲದಲ್ಲಿ ಬೆಳೆದರು. ನೇಯ್ದು, ತುಳಿದು ದಟ್ಟ ಮಾಡಿದ ಉಣ್ಣೆಬಟ್ಟೆ ಒದ್ದೆಯಿರುವಾಗಲೇ, ತೆನೆಗಳನ್ನು ಜೋಡಿಸಿದ ಮರದ ಚೌಕಟ್ಟನ್ನು ಅದರ ಮೇಲೆ ಎಳೆಯುತ್ತಿದ್ದರು. ಎಳೆಗಳ ತುದಿ ಜುಂಗಾಗಿ ಮೇಲೇಳುತ್ತಿತ್ತು. ದೊಡ್ಡ ಕತ್ತರಿಯಿಂದ ಅದನ್ನು ಸವರಿದರೆ ಬಟ್ಟೆ ನುಣುಪು. ಕೊಕ್ಕೆ ಯಾವುದಾದರೂ ಗಂಟಿಗೆ ಸಿಕ್ಕಿದರೆ ಮುರಿಯುವುದು ಕೊಕ್ಕೆಯೇ, ಹರಿಯುವುದು ಬಟ್ಟೆಯಲ್ಲ. ಈ ಗಿಡದ ದೊಡ್ಡತನ ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಉಕ್ಕಿನ ತಂತಿಗೆ ಆ ವಿನಯವಿಲ್ಲ.

ನಮ್ಮ ಕಂಬಳಿಯಲ್ಲಿ ಗಿಡದ ಕೆಲಸವೇ ಬೇರೆ. ಅಲ್ಲಿ ಹಾಸಿನ ನೂಲಿಗೆ ಹುಣಸೆಬೀಜದ ಸರಿ ಬಳಿದು, ಎದ್ದ ಎಳೆಗಳನ್ನು ಮಲಗಿಸುತ್ತಾರೆ.

ಇಂಗ್ಲೆಂಡಿನಲ್ಲಿ ಕೈಚೌಕಟ್ಟಿನ ಬದಲು ತೆನೆ ತುಂಬಿದ ಉರುಳೆಯನ್ನು ನೀರಿನ ಬಲದಿಂದ ತಿರುಗಿಸುವ ‘ಗಿಗ್ ಮಿಲ್’ ಬಂದಾಗ ಕೈಕಸುಬಿನವರ ಅನ್ನಕ್ಕೇ ಕುತ್ತು ಬಂತು. ದೊರೆ ಆರನೇ ಎಡ್ವರ್ಡನ ಕಾಲದಲ್ಲೇ, 1550ರ ದಶಕದ ಆರಂಭದಲ್ಲಿ, ಗಿಗ್ ಮಿಲ್ಲನ್ನು ನಿಷೇಧಿಸುವ ಕಾನೂನಾಗಿತ್ತು. ಅದನ್ನು ಲೆಕ್ಕಿಸದೆ ಮಾಲೀಕರು ಯಂತ್ರ ಹೂಡಿದಾಗ, 1802ರಲ್ಲಿ ವಿಲ್ಟ್‌ಶೈರಿನಲ್ಲಿ ಗಿರಣಿಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ ಗುಂಪಿನಲ್ಲಿದ್ದ ಎಂಬ ಆರೋಪದ ಮೇಲೆ ಥಾಮಸ್ ಹೆಲಿಕರ್ ಎಂಬ ಹರೆಯದ ಹುಡುಗನನ್ನು 1803ರಲ್ಲಿ ಗಲ್ಲಿಗೇರಿಸಿದರು. 1809ರಲ್ಲಿ ಹಳೆಯ ಕಾನೂನುಗಳನ್ನೇ ತೆಗೆದುಹಾಕಿದರು. ಮಾಲೀಕರು ಗೆದ್ದರು, ಆದರೆ ಅವರ ಯಂತ್ರದ ಉರುಳೆಯಲ್ಲಿ ಸುತ್ತುತ್ತಿದ್ದುದು ಅದೇ ಹೊಲದ ಅದೇ ತೆನೆ.

ಮುಂದೆ ತಂತಿಯ ಯಂತ್ರಗಳು ಬಂದವು. ಬಿಲಿಯರ್ಡ್ಸ್ ಮೇಜಿನ ಬಟ್ಟೆಯಂಥ ನಯದ ಕೆಲಸಕ್ಕೆ ಮಾತ್ರ 20ನೇ ಶತಮಾನದಲ್ಲೂ ಗಿಡವೇ ಬೇಕಾಯಿತು. ಇನ್ನು ನಮ್ಮ ಹತ್ತಿಗಿರಣಿಯವರೆಲ್ಲ ದಿನವೂ ಆಡುವ ‘ಕಾರ್ಡಿಂಗ್’, ಅಂದರೆ ಅರಳೆ ಹಿಂಜುವ ಕೆಲಸದ ಹೆಸರು ಇದೆಯಲ್ಲ, ಅದರ ಬೇರು ಲ್ಯಾಟಿನ್ನಿನ ‘ಕಾರ್ಡುಸ್’. ಅದೂ ಒಂದು ಮುಳ್ಳುಗಿಡವೇ.