ಟಾಟಾ ಇನ್‌ಸ್ಟಿಟ್ಯೂಟಿನ ಮೂಲ ಯೋಜನೆ: ವಿಜ್ಞಾನ, ಅರ್ಥಶಾಸ್ತ್ರ, ಶಿಕ್ಷಣ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಊರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ. ಅದು ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನೆಗೆ ಹೆಸರಾಗಿದೆ. ಆದರೆ ಅದಕ್ಕಾಗಿ ಮೊದಲು ಸಿದ್ಧವಾದ ಕರಡಿನಲ್ಲಿ ವೈದ್ಯಕೀಯ, ಅರ್ಥಶಾಸ್ತ್ರ, ಶಿಕ್ಷಣಶಾಸ್ತ್ರಗಳಿಗೂ ಜಾಗವಿತ್ತು. ಆ ಭಾಗಗಳು ಕೈಬಿಟ್ಟುಹೋದ ಬಗೆ ಮತ್ತು ಮುಂದೆ ಮೈಸೂರು ಸೀಮೆಯಲ್ಲಿ ಅವು ಬೇರೂರಿದ ಬಗೆ ಈ ಲೇಖನದ ವಿಷಯ.

1898ರ ಕರಡು

ಸಂಸ್ಥೆಯ ಹುಟ್ಟಿನ ವರ್ಷದ ಬಗ್ಗೆಯೇ ಬರಹಗಳಲ್ಲಿ ಗೊಂದಲವಿದೆ. ಯೋಜನೆ ಸರ್ಕಾರದ ಮುಂದೆ ಬಂದದ್ದು 1898ರಲ್ಲಿ, ಕಾನೂನಿನ ಪ್ರಕಾರ ಸ್ಥಾಪನೆಯಾದದ್ದು 1909ರಲ್ಲಿ, ಮೊದಲ ವಿದ್ಯಾರ್ಥಿಗಳು ಸೇರಿದ್ದು 1911ರಲ್ಲಿ. ಇಲ್ಲಿಯ ವಿಷಯಕ್ಕೆ ಮುಖ್ಯವಾದದ್ದು ಮೊದಲನೆಯ ವರ್ಷ.

ಜಮ್ಷೆಡ್‌ಜಿ ಟಾಟಾ ಅವರ ಆಪ್ತ ಬುರ್ಜೋರ್ಜಿ ಪಾದಶಾ ಯುರೋಪ್ ಮತ್ತು ಅಮೆರಿಕದ ವಿಶ್ವವಿದ್ಯಾಲಯಗಳನ್ನು ನೋಡಿ ಬಂದು ಕರಡಿಗೆ ರೂಪ ಕೊಟ್ಟರು. ಸ್ನಾತಕೋತ್ತರ ಸಂಶೋಧನೆಗೆ ಒತ್ತು ಕೊಟ್ಟಿದ್ದ ಜಾನ್ಸ್ ಹಾಪ್ಕಿನ್ಸ್ ಅವರಿಗೆ ಮಾದರಿಯಾಯಿತು. ಕರಡಿನಲ್ಲಿ ಮೂರು ವಿಭಾಗಗಳಿದ್ದವು: ವಿಜ್ಞಾನ ಮತ್ತು ತಾಂತ್ರಿಕ, ವೈದ್ಯಕೀಯ, ತತ್ತ್ವಶಾಸ್ತ್ರ ಮತ್ತು ಶಿಕ್ಷಣ. ಬೋಧನಾ ಕ್ರಮ, ಮನಶ್ಶಾಸ್ತ್ರ, ಭಾರತದ ಇತಿಹಾಸ ಹಾಗೂ ಪುರಾತತ್ತ್ವ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ಇವೆಲ್ಲ ಮೂರನೆಯ ವಿಭಾಗಕ್ಕೆ ಸೇರಿದ್ದವು. 1898ರ ಡಿಸೆಂಬರ್ 31ರಂದು ಯೋಜನೆಗಾಗಿ ರಚನೆಯಾಗಿದ್ದ ಸಮಿತಿಯ ನಿಯೋಗ ಇದನ್ನು ಹೊಸ ವೈಸರಾಯ್ ಕರ್ಜನ್ ಮುಂದಿಟ್ಟಿತು. ಕಲಿತು ಹೊರಬಂದವರಿಗೆ ಉದ್ಯೋಗ ಎಲ್ಲಿದೆ ಎಂಬುದು ಕರ್ಜನ್ ಎತ್ತಿದ ಅನುಮಾನಗಳಲ್ಲಿ ಒಂದು.

ಯೋಜನೆಗೆ ಪ್ರೇರಣೆ ಕೊಟ್ಟವರು ಸ್ವಾಮಿ ವಿವೇಕಾನಂದರು ಎಂಬ ಮಾತು ವ್ಯಾಪಕವಾಗಿದೆ. 1893ರಲ್ಲಿ ಅವರೂ ಟಾಟಾ ಅವರೂ ಜಪಾನಿನಿಂದ ಒಂದೇ ಹಡಗಿನಲ್ಲಿ ಪ್ರಯಾಣ ಮಾಡಿದ್ದರು. 1898ರ ನವೆಂಬರ್ 23ರಂದು ಟಾಟಾ ಅದನ್ನು ನೆನೆದು ಸ್ವಾಮೀಜಿಗೆ ಪತ್ರ ಬರೆದು, ವೈರಾಗ್ಯದ ಮನೋಭಾವವನ್ನು ವಿಜ್ಞಾನದ ಸೇವೆಗೆ ತಿರುಗಿಸಲು ನೆರವು ಕೇಳಿದರು. ಪತ್ರ ಉಳಿದಿದೆ. ಆದರೆ ಹಡಗಿನ ಮಾತುಕತೆಯಿಂದಲೇ ಸಂಸ್ಥೆಯ ಕಲ್ಪನೆ ಮೊಳೆಯಿತು ಎನ್ನಲು ಅದಷ್ಟೇ ಸಾಲದು. ಉನ್ನತ ಶಿಕ್ಷಣಕ್ಕೆ ನೆರವಾಗುವ ದತ್ತಿಯನ್ನು ಟಾಟಾ 1892ರಲ್ಲೇ ಆರಂಭಿಸಿದ್ದರು.

ಕಿರಿದಾದ ಯೋಜನೆ

ಕರಡನ್ನು ಪರಿಶೀಲಿಸಲು ಬಂದವರು ಜಡಾನಿಲಗಳ ಶೋಧಕ್ಕೆ ಹೆಸರಾದ ವಿಲಿಯಂ ರಾಮ್ಸೆ. ಸ್ಥಳಕ್ಕೆ ಬೆಂಗಳೂರನ್ನು ಒಪ್ಪಿದ ಅವರು ಕೈಗಾರಿಕೆಗೆ ನೇರವಾಗಿ ಒದಗುವ ರಸಾಯನಶಾಸ್ತ್ರ, ಎಂಜಿನಿಯರಿಂಗ್, ಕೈಗಾರಿಕಾ ಬ್ಯಾಕ್ಟೀರಿಯಾಶಾಸ್ತ್ರಗಳನ್ನು ಉಳಿಸಿಕೊಂಡರು. ಅನಂತರ ಬಂದ ಮ್ಯಾಸನ್–ಕ್ಲಿಬರ್ನ್ ಸಮಿತಿ ಯೋಜನೆಯನ್ನು ಇನ್ನಷ್ಟು ಮೊಟಕು ಮಾಡಿತು. ಮೈಸೂರಿನ ಮಾಜಿ ದಿವಾನ ಶೇಷಾದ್ರಿ ಅಯ್ಯರ್ ಬೆಂಗಳೂರಿನ ಪರ ನಿಂತವರಲ್ಲಿ ಮುಖ್ಯರು. ಅವರು 1901ರಲ್ಲಿ ತೀರಿಕೊಂಡರು, 1904ರಲ್ಲಿ ಟಾಟಾ ಅವರೂ ಇಲ್ಲವಾದರು. ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು. 1911ರಲ್ಲಿ ಪಾಠ ಆರಂಭವಾದಾಗ ಇದ್ದದ್ದು ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರಜ್ಞಾನ. ಮೂರನೆಯ ವಿಭಾಗದ ಸುಳಿವೇ ಇರಲಿಲ್ಲ. ಸಂಸ್ಥೆಯ ಇತಿಹಾಸದ ದೊಡ್ಡ ತಿರುವೆಂದರೆ 1933ರಲ್ಲಿ ಸಿ.ವಿ. ರಾಮನ್ ನಿರ್ದೇಶಕರಾದದ್ದು ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ಯಾವ ಶಾಸ್ತ್ರ ಸಂಶೋಧನೆಗೆ ಯೋಗ್ಯ ಎಂಬ ತೀರ್ಮಾನವಾದದ್ದು ಮಾತ್ರ 1898ರಿಂದ 1911ರವರೆಗಿನ ಈ ವರ್ಷಗಳಲ್ಲಿ.

ಮೈಸೂರಿನಲ್ಲಿ

ಅದೇ 1911ರಲ್ಲಿ ಮೈಸೂರು ಸಂಪದಭ್ಯುದಯ ಸಮಾಜ ಹುಟ್ಟಿತು. ಅದರ ಹಿಂದೆ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿದ್ದರು. ಕೃಷಿ, ಶಿಕ್ಷಣ, ಕೈಗಾರಿಕೆ–ವಾಣಿಜ್ಯ ಎಂದು ಮೂರು ಸಮಿತಿ ಮಾಡಿಕೊಂಡು ಅದು ಕೆಲಸಕ್ಕಿಳಿಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಸ್ಥಾಪನೆಗೂ ದಾರಿ ಮಾಡಿದ್ದು ಇದೇ ಸಮಾಜ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂತು. 1924ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭಿಸಿದರು. ದೇಶದ ಮೊದಲ ಕೆಲವೇ ಮನಶ್ಶಾಸ್ತ್ರ ವಿಭಾಗಗಳಲ್ಲಿ ಅದೂ ಒಂದು. ಗೋಪಾಲಸ್ವಾಮಿಯವರನ್ನು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಬಾನುಲಿ ಪ್ರಸಾರ ಆರಂಭಿಸಿದವರೆಂದು ಕನ್ನಡಿಗರು ಬಲ್ಲರು. ಪ್ರಯೋಗಾಲಯದ ಮನಶ್ಶಾಸ್ತ್ರವನ್ನು ಈ ಸೀಮೆಗೆ ತಂದವರೆಂದೂ ಅಷ್ಟೇ ಆದರದಿಂದ ನೆನೆಯಬೇಕು.

ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅರ್ಥಶಾಸ್ತ್ರಕ್ಕೆ ವಿಭಾಗ ದೊರೆತದ್ದು 1940ರ ದಶಕದ ಕೊನೆಯಲ್ಲಿ. ಕ್ರಮೇಣ ಅದು ನಿರ್ವಹಣಾ ಅಧ್ಯಯನ ವಿಭಾಗವಾಯಿತು. ಬೆಂಗಳೂರಿನಲ್ಲಿ ಅರ್ಥಶಾಸ್ತ್ರ ಸಂಶೋಧನೆಗೆ ನೆಲೆಯಾದದ್ದು 1972ರಲ್ಲಿ ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ. ಶಿಕ್ಷಣಶಾಸ್ತ್ರಕ್ಕೆ ಮೈಸೂರಿನಲ್ಲಿ 1963ರಲ್ಲೇ ಪ್ರಾದೇಶಿಕ ಶಿಕ್ಷಣ ಕಾಲೇಜು ಆರಂಭವಾಗಿತ್ತು.

ಪುರ ಗ್ರಾಮದ ಅಧ್ಯಯನ

1974ರಲ್ಲಿ ವಿದ್ಯುದ್ರಸಾಯನ ತಜ್ಞ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಆರಂಭಿಸಿದರು. ಹಳ್ಳಿಗೆ ಒದಗುವ ತಂತ್ರಜ್ಞಾನ ಅದರ ಗುರಿ. ಶಾಸ್ತ್ರಗಳ ನಡುವಿನ ಗೆರೆ ನಿಜವಾಗಿ ಅಳಿಸಿದ್ದು ಈ ಕೆಲಸದಲ್ಲಿ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಊರಿನಲ್ಲಿ ಸೌದೆ, ಸೀಮೆಎಣ್ಣೆ, ವಿದ್ಯುತ್ತಿನ ಜೊತೆಗೆ ಮನುಷ್ಯರ ಮತ್ತು ದನಗಳ ದುಡಿಮೆಯನ್ನೂ ಶಕ್ತಿಯೆಂದೇ ಲೆಕ್ಕ ಹಾಕಿದರು. ಊರಿನ ಮುಖ್ಯ ಇಂಧನ ಸೌದೆ ಎಂದು ತಿಳಿಯಿತು. ಮನುಷ್ಯ ದುಡಿಮೆಯ ಅರ್ಧಕ್ಕಿಂತ ಹೆಚ್ಚು ಪಾಲು ಹೆಂಗಸರದು. ಸೌದೆ ಆಯುವುದು, ನೀರು ಹೊರುವುದು, ಅಡುಗೆ ಮಾಡುವುದು ಆವರೆಗೆ ಇಂಧನದ ಅಂಕಿಅಂಶಗಳಲ್ಲಿ ಸಾಮಾನ್ಯವಾಗಿ ಸೇರುತ್ತಿರಲಿಲ್ಲ.

ಸಗಣಿ ಅನಿಲದಿಂದ ಊರಿಗೆಲ್ಲ ಅಡುಗೆ ಆಗಲಿ ಎಂಬ ಮೊದಲ ಆಲೋಚನೆ ಕೈಗೂಡಲಿಲ್ಲ. ಊರವರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು. 1987ರಿಂದ ಅದೇ ಅನಿಲದಿಂದ ಡೀಸೆಲ್ ಎಂಜಿನ್ ಓಡಿಸಿ, ವಿದ್ಯುತ್ ತಯಾರಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗೆ ಹರಿಸಿದರು, ಮನೆಗಳಿಗೆ ದೀಪ ಕೊಟ್ಟರು. ಮನೆಯವರು ತಂದ ಸಗಣಿಯನ್ನು ತೂಗಿ ಲೆಕ್ಕ ಬರೆದುಕೊಂಡು, ಅನಿಲ ತೆಗೆದ ಮೇಲೆ ಉಳಿದ ರಾಡಿಯನ್ನು ಗೊಬ್ಬರಕ್ಕೆಂದು ಹಿಂತಿರುಗಿಸುತ್ತಿದ್ದರು. ಇದನ್ನು ರಸಾಯನಶಾಸ್ತ್ರ ಎನ್ನಬೇಕೋ ಅರ್ಥಶಾಸ್ತ್ರ ಎನ್ನಬೇಕೋ ಎಂದು ಕೇಳಿದರೆ ಉತ್ತರ ಎರಡೂ ಹೌದು.

ಇತ್ತೀಚೆಗೆ

1983ರಲ್ಲಿ ಮಾಧವ ಗಾಡ್ಗೀಳ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದರು. 1988ರಲ್ಲಿ ಜೆ.ಆರ್.ಡಿ. ಟಾಟಾ ಅವರ ಆಸಕ್ತಿಯಿಂದ ಅದೇ ಆವರಣದಲ್ಲಿ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಬಂತು. ರಾಜಾ ರಾಮಣ್ಣ ಅದರ ಮೊದಲ ನಿರ್ದೇಶಕರು. ವಿಜ್ಞಾನ, ಸಮಾಜಶಾಸ್ತ್ರ, ಮಾನವಿಕಗಳು ಅಲ್ಲಿ ಒಂದೇ ಸೂರಿನಡಿ ನಡೆಯುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಲ್ಲಿ ಶುರುವಾದ ಪದವಿ ಕೋರ್ಸಿನಲ್ಲಿ ಮಾನವಿಕ ವಿಷಯಗಳೂ ಪಠ್ಯಕ್ರಮಕ್ಕೆ ಸೇರಿದವು. ಚಳ್ಳಕೆರೆ ಬಳಿಯ ಅದರ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಆದರೆ ತರಬೇತಿ ಒಂದು, ಶಿಕ್ಷಣ ಕುರಿತ ಸಂಶೋಧನೆ ಇನ್ನೊಂದು. ಪಾದಶಾ ಕೇಳಿದ್ದು ಎರಡನೆಯದನ್ನು.

ವೈದ್ಯಕೀಯ ವಿಭಾಗಕ್ಕೆ ಚಾಲನೆ ಸಿಕ್ಕಿದ್ದು 2022ರಲ್ಲಿ. ಸುಸ್ಮಿತಾ–ಸುಬ್ರೊತೊ ಬಾಗ್ಚಿ ಮತ್ತು ರಾಧಾ–ಎನ್.ಎಸ್. ಪಾರ್ಥಸಾರಥಿ ದಂಪತಿಗಳು ವೈದ್ಯಕೀಯ ಶಾಲೆಗೂ 800 ಹಾಸಿಗೆಗಳ ಆಸ್ಪತ್ರೆಗೂ 425 ಕೋಟಿ ರೂಪಾಯಿ ದಾನ ಘೋಷಿಸಿದರು. ಚಿಕಿತ್ಸೆ ಮತ್ತು ಸಂಶೋಧನೆ ಎರಡನ್ನೂ ಬಲ್ಲ ವೈದ್ಯರನ್ನು ತಯಾರು ಮಾಡುವ ಎಂಡಿ–ಪಿಎಚ್‌ಡಿ ಕೋರ್ಸ್ ಈ ಯೋಜನೆಯ ಭಾಗ.